ಹಳೇ ಮನೆಯಲ್ಲಿ ಸುಮ್ಮನಿದ್ದ ಹೀಟರ್ ರಾಡು ಹೊಸ ಮನೆಯಲ್ಲಿ ಕರೆಂಟ್ ತೆಗೆದದ್ದು ಏಕೆ

ಜುಲೈ ತಿಂಗಳ ಒಂದು ಶನಿವಾರ, ಬೆಳಗ್ಗೆ ಆರೂಕಾಲಕ್ಕೆ ಅಕ್ಕ ಫೋನ್ ಮಾಡಿದಳು. "ಬಕೆಟ್‌ಗೆ ರಾಡು ಹಾಕಿ ಸ್ವಿಚ್ ಒತ್ತಿದ ಕೂಡಲೇ ಇಡೀ ಮನೆ ಕರೆಂಟ್ ಹೋಗ್ತಿದೆ ಕಣೋ. ನಾಲ್ಕು ದಿನದಿಂದ ಇದೇ ಗೋಳು."

ಅಕ್ಕ, ಭಾವ ತುಮಕೂರಿನ ಹೊರವಲಯದಲ್ಲಿ ಸ್ವಂತ ಮನೆ ಕಟ್ಟಿಸಿ ಮೇ ತಿಂಗಳಲ್ಲಿ ಗೃಹಪ್ರವೇಶ ಮಾಡಿದ್ದರು. ಅದಕ್ಕೂ ಮೊದಲು ಒಂಬತ್ತು ವರ್ಷ ಊರೊಳಗೆ ಒಂದು ಬಾಡಿಗೆ ಮನೆಯಲ್ಲಿದ್ದರು. ಹೊಸ ಮನೆಯ ತಾರಸಿ ಮೇಲೆ ಸೋಲಾರ್ ಇದೆ. ಮೇ, ಜೂನ್ ತಿಂಗಳಲ್ಲಿ ಸ್ನಾನಕ್ಕೆ ಅದರ ನೀರೇ ಸಾಕಾಯಿತು. ಆಷಾಢ ಬಂತು, ಮೋಡ ಕವಿಯಿತು, ಜಿಟಿಜಿಟಿ ಮಳೆ ಹಿಡಿಯಿತು. ಆಗ ಹಳೇ ಮನೆಯಿಂದ ಕಟ್ಟಿ ತಂದಿದ್ದ 1500 ವ್ಯಾಟಿನ ರಾಡು ಹೊರಗೆ ಬಂತು.

ನಾನು ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ಕೆಲಸದವನು. ಮೋಟಾರು, ಪ್ಯಾನೆಲ್ಲು ದಿನವೂ ಬಿಚ್ಚುತ್ತೇನೆ. ಒಂದು ಮನೆಯ ರಾಡಿನ ಕಥೆಯನ್ನು ಇಷ್ಟು ವಿವರವಾಗಿ ಬರೆಯುವುದಕ್ಕೆ ಕಾರಣ ಇದೆ. ಈ ರಾಡು ಕೆಟ್ಟು ಎರಡು ವರ್ಷವಾಗಿತ್ತು. ಮನೆಯಲ್ಲಿ ಒಬ್ಬರು ಅದನ್ನು ಬಾಯಿಬಿಟ್ಟು ಹೇಳುತ್ತಲೂ ಇದ್ದರು. ನಾವು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮೊದಲ ಭೇಟಿ

ಶನಿವಾರ ನನಗೆ ಶಿಫ್ಟ್ ಇತ್ತು. ಭಾನುವಾರ ಮಧ್ಯಾಹ್ನ ಹೋದೆ. ಅಷ್ಟರಲ್ಲಿ ಅಲ್ಲಿ ಬೇಕಾದಷ್ಟು ನಡೆದುಹೋಗಿತ್ತು. ಮನೆಗೆ ವೈರಿಂಗ್ ಮಾಡಿದವರು ಬಂದು ನೋಡಿದ್ದರು. "ಗೋಡೆ ಇನ್ನೂ ಹಸಿ ಇದೆ, ಪೈಪಿನೊಳಗೆ ನೀರು ಇಳಿದಿರಬೇಕು. ಒಂದು ತಿಂಗಳು ಆರಿದರೆ ಸರಿಹೋಗುತ್ತೆ. ಅಲ್ಲಿವರೆಗೆ ಈ ಆರ್‌ಸಿಸಿಬಿ ತೆಗೆದು ನೇರ ಕೊಟ್ಟುಬಿಡೋಣ" ಅಂದಿದ್ದರಂತೆ. ಆರ್‌ಸಿಸಿಬಿ ಅಂದರೆ ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್ಚು. ಭಾವ ಅರ್ಧ ಒಪ್ಪಿದ್ದರು. ಅವರ ವಾದ ಸರಳವಾಗಿತ್ತು. "ನೋಡು, ಇದೇ ರಾಡು ಹಳೇ ಮನೆಯಲ್ಲಿ ಅಷ್ಟು ವರ್ಷ ನಡೆದಿದೆ. ಒಂದು ದಿನವೂ ಫ್ಯೂಸ್ ಹೋಗಿಲ್ಲ. ಇಲ್ಲಿಗೆ ಬಂದ ಕೂಡಲೇ ಕೆಟ್ಟುಹೋಗುತ್ತಾ? ತಪ್ಪು ಮನೆಯ ವೈರಿಂಗ್‌ದೇ."

ಕೇಳಿದರೆ ಯಾರಿಗಾದರೂ ಸರಿ ಅನ್ನಿಸುವ ಮಾತು. ನನಗೂ ಅನ್ನಿಸಿತು.

ಮೊದಲು ಡಿಬಿಯ (ಮೇನ್ ಸ್ವಿಚ್ಚುಗಳಿರುವ ಪೆಟ್ಟಿಗೆಯ) ಮುಚ್ಚಳ ತೆಗೆದು, ಕೆಳಗೆ ಬೀಳುತ್ತಿರುವುದು ಯಾವುದು ಎಂದು ಕೇಳಿದೆ. ಇದು ಬಹಳ ಮುಖ್ಯ. ಬಚ್ಚಲುಮನೆಯ ಪಾಯಿಂಟ್‌ಗೆ ಬೇರೆಯೇ 16 ಆಂಪಿಯರ್ ಎಂಸಿಬಿ ಇದೆ. ಅದು ಬೀಳುತ್ತಿರಲಿಲ್ಲ. ಬೀಳುತ್ತಿದ್ದದ್ದು ಟೆಸ್ಟ್ ಬಟನ್ ಇರುವ ಅಗಲದ ಆರ್‌ಸಿಸಿಬಿ. ಎಂಸಿಬಿ ಬಿದ್ದರೆ ಲೋಡ್ ಜಾಸ್ತಿಯಾಗಿದೆ ಅಥವಾ ಶಾರ್ಟ್ ಆಗಿದೆ ಎಂದರ್ಥ. ಆರ್‌ಸಿಸಿಬಿ ನೋಡುವುದೇ ಬೇರೆ. ಫೇಸ್ ತಂತಿಯಲ್ಲಿ ಎಷ್ಟು ಕರೆಂಟ್ ಹೋಯಿತೋ ಅಷ್ಟೇ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅಂತ ಅದು ಲೆಕ್ಕ ನೋಡುತ್ತದೆ. ಲೆಕ್ಕ ತಪ್ಪಿದರೆ ನಡುವೆ ಎಲ್ಲೋ ಸೋರುತ್ತಿದೆ ಎಂದು ತಿಳಿದು ಕಟ್ ಮಾಡುತ್ತದೆ. ಅಕ್ಕನ ಮನೆಯದು 30 ಮಿಲಿಆಂಪಿಯರ್‌ನದು. ಅಂದರೆ 15ರಿಂದ 30 ಮಿಲಿಆಂಪಿಯರ್ ಒಳಗೆ ಎಲ್ಲಾದರೂ ಬೀಳಬಹುದು. 230 ವೋಲ್ಟನ್ನು 30 ಮಿಲಿಆಂಪಿಯರ್‌ನಿಂದ ಭಾಗಿಸಿದರೆ ಸುಮಾರು 7,700 ಓಮ್ ಬರುತ್ತದೆ. ಫೇಸ್‌ನಿಂದ ಅರ್ಥ್‌ಗೆ ಅಷ್ಟು ಅಥವಾ ಅದಕ್ಕಿಂತ ಕಡಿಮೆ ತಡೆಯ ದಾರಿ ಎಲ್ಲಾದರೂ ಇದ್ದರೆ ಅದು ಬೀಳಲೇಬೇಕು.

ಹಾಗಾಗಿ ಹುಡುಕಬೇಕಾದದ್ದು ಸೋರಿಕೆ. ಸೋರುತ್ತಿರುವುದು ಗೋಡೆಯೊಳಗೋ ರಾಡಿನೊಳಗೋ?

ಅದೇ ಪಾಯಿಂಟ್‌ಗೆ ಇಸ್ತ್ರಿ ಪೆಟ್ಟಿಗೆ ಹಾಕಿದೆ. ಹತ್ತು ನಿಮಿಷ ಕಾಯಿತು, ಏನೂ ಆಗಲಿಲ್ಲ. ಹಾಗಾದರೆ ಪಾಯಿಂಟ್ ಸರಿ ಇದೆ. ಆಮೇಲೆ ರಾಡನ್ನು ಬಕೆಟ್ ನೀರಿನಲ್ಲಿಟ್ಟು ಸ್ವಿಚ್ ಹಾಕಿದೆ. ಬೀಳಲಿಲ್ಲ! ಅಕ್ಕ, ಭಾವ ಇಬ್ಬರೂ ಪಕ್ಕದಲ್ಲೇ ನಿಂತಿದ್ದರು. ಇಪ್ಪತ್ತು ಲೀಟರ್ ನೀರು 25 ಡಿಗ್ರಿ ಬಿಸಿಯೇರಲು 1500 ವ್ಯಾಟಿಗೆ ಸುಮಾರು 23 ನಿಮಿಷ ಬೇಕು. ಗಡಿಯಾರ ನೋಡಿದೆ. ಹೆಚ್ಚು ಕಡಿಮೆ ಅಷ್ಟೇ ಹೊತ್ತಿಗೆ ನೀರು ಕಾಯಿತು. ರಾಡು ತೆಗೆದು ತಡೆ ಅಳೆಯಲು ಮಲ್ಟಿಮೀಟರ್ ಹಿಡಿದೆ. ಫೇಸ್, ನ್ಯೂಟ್ರಲ್ ಪಿನ್ನುಗಳ ನಡುವೆ 36 ಓಮ್. 1500 ವ್ಯಾಟಿನ ರಾಡಿಗೆ ಲೆಕ್ಕದಲ್ಲಿ ಬರಬೇಕಾದದ್ದು 35 ಚಿಲ್ಲರೆ. ಅರ್ಥ್ ಪಿನ್ನಿಗೂ ತಾಮ್ರದ ಕೊಳವೆಗೂ ಸಂಪರ್ಕ ಚೆನ್ನಾಗಿತ್ತು. ಫೇಸ್ ಪಿನ್ನಿಗೂ ಕೊಳವೆಗೂ ಮೀಟರ್ ಏನೂ ತೋರಿಸಲಿಲ್ಲ. ಅಂದರೆ ಸೋರಿಕೆ ಇಲ್ಲ.

"ರಾಡು ಸರಿ ಇದೆ" ಎಂದುಬಿಟ್ಟೆ. ಗೋಡೆಯ ಹಸಿಯೇ ಇರಬಹುದು, ಮಧ್ಯಾಹ್ನ ಸ್ವಲ್ಪ ಬಿಸಿಲು ಬಂದು ಆರಿರಬೇಕು, ಅಂದೆ. ಆದರೆ ಆರ್‌ಸಿಸಿಬಿಗೆ ಮಾತ್ರ ಯಾರನ್ನೂ ಕೈ ಹಾಕಲು ಬಿಡಬೇಡಿ ಎಂದು ಭಾವನಿಗೆ ಗಟ್ಟಿಯಾಗಿ ಹೇಳಿ ಬಂದೆ. ಆ ದಿನ ನಾನು ಸರಿಯಾಗಿ ಮಾಡಿದ್ದು ಅದೊಂದೇ.

ಸೋಮವಾರ ಬೆಳಗ್ಗೆ ಆರು ಗಂಟೆಗೆ ಮತ್ತೆ ಫೋನ್. ಮತ್ತೆ ಬಿದ್ದಿತ್ತು.

ನಾನು ಕೇಳದೇ ಬಿಟ್ಟ ಪ್ರಶ್ನೆ

ಆ ವಾರವೆಲ್ಲ ತಲೆಯಲ್ಲಿ ಇದೇ ಓಡುತ್ತಿತ್ತು. ಬೆಳಗ್ಗೆ ಬೀಳುತ್ತದೆ, ಮಧ್ಯಾಹ್ನ ಬೀಳಲ್ಲ. ಭಾನುವಾರ ನಾನು ಹೋಗುವ ಮುಂಚೆ ಆ ರಾಡು ಎಲ್ಲಿತ್ತು? ಬುಧವಾರ ರಾತ್ರಿ ಅಕ್ಕನಿಗೆ ಫೋನ್ ಮಾಡಿ ಅದನ್ನೇ ಕೇಳಿದೆ. "ಕಾಂಪೌಂಡ್ ಗೋಡೆ ಮೇಲಿತ್ತು. ನೀನು ಬರ್ತೀಯ ಅಂತ ಬೆಳಗ್ಗೆಯೇ ಬಚ್ಚಲಿಂದ ತೆಗೆದು ಒರೆಸಿ ಇಟ್ಟಿದ್ದೆ. ಹತ್ತು ಗಂಟೆಯಿಂದ ಬಿಸಿಲಿತ್ತಲ್ಲ" ಅಂದಳು. ಸೋಮವಾರದ ಹಿಂದಿನ ರಾತ್ರಿ ಎಲ್ಲಿತ್ತು? ಬಚ್ಚಲಿನ ಮೊಳೆಗೆ ನೇತುಹಾಕಿದ್ದಳು. ಭಾನುವಾರ ನಾವು ಕಾಯಿಸಿದ ಮೇಲೆ ಬಿಸಿಬಿಸಿ ಇರುವಾಗಲೇ, ಹಬೆ ತುಂಬಿದ ಬಚ್ಚಲಿನಲ್ಲಿ.

ಅಲ್ಲಿಗೆ ನನಗೆ ಮುಕ್ಕಾಲು ಪಾಲು ಅರ್ಥವಾಯಿತು. ಆರುತ್ತಿದ್ದದ್ದು, ನೆನೆಯುತ್ತಿದ್ದದ್ದು ಗೋಡೆಯಲ್ಲ, ರಾಡು.

ರಾಡಿನ ಒಳಗೆ ಏನಿರುತ್ತದೆ ಎಂದು ಹೇಳಿದರೆ ಇದು ನಿಮಗೂ ಅರ್ಥವಾಗುತ್ತದೆ. ಹೊರಗೆ ಕಾಣುವುದು ನಿಕ್ಕಲ್ ಲೇಪದ ತಾಮ್ರದ ಕೊಳವೆ. ಅದರ ನಡುಮಧ್ಯೆ ನೈಕ್ರೋಮ್ ತಂತಿಯ ಸುರುಳಿ ಹೋಗುತ್ತದೆ. ಕರೆಂಟ್ ಹರಿಯುವುದು, ಕಾಯುವುದು ಅದೇ. ಸುರುಳಿ ಕೊಳವೆಗೆ ತಾಗಬಾರದು, ಆದರೆ ಅದರ ಶಾಖ ಮಾತ್ರ ಕೊಳವೆಗೆ ದಾಟಬೇಕು. ಅದಕ್ಕಾಗಿ ನಡುವೆ ಮೆಗ್ನೀಷಿಯಂ ಆಕ್ಸೈಡ್ ಎಂಬ ಬಿಳಿ ಪುಡಿಯನ್ನು ಒತ್ತಿ ತುಂಬಿರುತ್ತಾರೆ. ಒಳ್ಳೆಯ ಪುಡಿ ಅದು. ಶಾಖ ಬಿಡುತ್ತದೆ, ಕರೆಂಟ್ ಬಿಡುವುದಿಲ್ಲ. ಒಂದೇ ದೋಷ, ತೇವ ಹೀರುತ್ತದೆ. ಮಳೆಗಾಲದಲ್ಲಿ ಡಬ್ಬಿಯ ಉಪ್ಪು ಒದ್ದೆಯಾಗುತ್ತಲ್ವಾ, ಹಾಗೆ. ತೇವ ಹೀರಿದರೆ ಕರೆಂಟನ್ನೂ ಬಿಡಲು ಶುರುಮಾಡುತ್ತದೆ. ಅದಕ್ಕೇ ಕೊಳವೆಯ ಎರಡೂ ತುದಿಯನ್ನು ಮೇಲಿನ ಪ್ಲಾಸ್ಟಿಕ್ ಟೋಪಿಯೊಳಗೆ ಅಂಟಿನಿಂದ ಬಿಗಿಯಾಗಿ ಮುಚ್ಚಿರುತ್ತಾರೆ.

ಆ ಮುಚ್ಚಳ ಬಿರುಕು ಬಿಟ್ಟರೆ ರಾಡು ಉಸಿರಾಡಲು ಶುರುಮಾಡುತ್ತದೆ. ಕಾದಾಗ ಒಳಗಿನ ಗಾಳಿ ಹಿಗ್ಗಿ ಹೊರಗೆ ಹೋಗುತ್ತದೆ. ಆರಿದಾಗ ಹೊರಗಿನ ಗಾಳಿಯನ್ನು ಒಳಗೆ ಎಳೆಯುತ್ತದೆ. ಹಬೆ ತುಂಬಿದ ಬಚ್ಚಲಿನಲ್ಲಿ ಬಿಸಿ ರಾಡನ್ನು ನೇತುಹಾಕಿದರೆ ಅದು ಎಳೆಯುವುದು ಹಬೆಯನ್ನೇ. ಬೆಳಗ್ಗೆ ಹೊತ್ತಿಗೆ ಪುಡಿ ಒದ್ದೆ. ನಾಲ್ಕು ಗಂಟೆ ಬಿಸಿಲು ಕಂಡರೆ ಪುಡಿ ಒಣಗಿ ರಾಡು ಮತ್ತೆ ಸರಿಯಾಗಿ ಕಾಣುತ್ತದೆ. ನಾನು ಭಾನುವಾರ ಅಳೆದದ್ದು ಒಣಗಿದ ರಾಡನ್ನು.

ಇನ್ನೊಂದು ತಪ್ಪೂ ಆಗಿತ್ತು. ಮಲ್ಟಿಮೀಟರ್ ಒಳಗಿರುವುದು 9 ವೋಲ್ಟಿನ ಬ್ಯಾಟರಿ. 230 ವೋಲ್ಟಿನ ಒತ್ತಡಕ್ಕೆ ಸೋರುವ ಜಾಗವನ್ನು ಅದು ಹಿಡಿಯದೇ ಹೋಗಬಹುದು. ಸೋರಿಕೆ ನೋಡಲು ಮೆಗ್ಗರ್ ಬೇಕು. ಅದು 500 ವೋಲ್ಟ್ ಕೊಟ್ಟು ನೋಡುತ್ತದೆ. ಕಾರ್ಖಾನೆಯಲ್ಲಿ ಮೋಟಾರಿಗೆ ಮೆಗ್ಗರ್ ಇಲ್ಲದೆ ನಾನು ಎಂದೂ ಸರ್ಟಿಫಿಕೇಟ್ ಕೊಟ್ಟವನಲ್ಲ. ಅಕ್ಕನ ಮನೆಯಲ್ಲಿ ಕೊಟ್ಟೆ.

ಎರಡನೇ ಭೇಟಿ, ಮೆಗ್ಗರ್ ಜೊತೆ

ಮುಂದಿನ ಭಾನುವಾರ ಬೆಳಗ್ಗೆ ಆರಕ್ಕೇ ಹೋದೆ. ರಾತ್ರಿಯಿಡೀ ರಾಡು ಬಚ್ಚಲಿನಲ್ಲೇ ಇರಲಿ ಎಂದು ಹೇಳಿದ್ದೆ. ಮೊಳೆಯಿಂದ ತೆಗೆದು ಹಾಗೇ ಮೆಗ್ಗರ್ ಹಚ್ಚಿದೆ. ಫೇಸ್, ನ್ಯೂಟ್ರಲ್ ಪಿನ್ನು ಎರಡನ್ನೂ ಸೇರಿಸಿ ಒಂದು ಕಡೆ, ತಾಮ್ರದ ಕೊಳವೆ ಇನ್ನೊಂದು ಕಡೆ. ಹಿಡಿಕೆ ತಿರುಗಿಸಿದರೆ ಮುಳ್ಳು ಸೊನ್ನೆ ಬಿಟ್ಟು ಏಳಲೇ ಇಲ್ಲ. ಸೊನ್ನೆ ಅಂದರೆ ನಡುವೆ ತಡೆಯೇ ಇಲ್ಲದ ಹಾಗೆ ಸೋರುತ್ತಿದೆ; ಅಂಕಿ ಏರಿದಷ್ಟೂ ಒಳ್ಳೆಯದು. ಸೋರಿಕೆ ವೈರಿನಲ್ಲೂ ಇರಬಹುದಲ್ವಾ ಅಂತ ಟೋಪಿ ಬಿಚ್ಚಿ ವೈರನ್ನು ಬೇರೆ ಮಾಡಿ ಅಳೆದೆ. ವೈರು ಒಂದೇ ಅಳೆದರೆ ನೂರು ಮೆಗಾಓಮ್‌ಗಿಂತ ಮೇಲೆ. ರಾಡು ಒಂದೇ ಅಳೆದರೆ ಮತ್ತೆ ಸೊನ್ನೆ. ಅಡುಗೆಮನೆಯ 16 ಆಂಪಿಯರ್ ಪಾಯಿಂಟ್‌ನಲ್ಲೂ ಒಮ್ಮೆ ಹಾಕಿ ನೋಡಿದೆ. ಅಲ್ಲೂ ಆರ್‌ಸಿಸಿಬಿ ಬಿತ್ತು. ರಾಡು ಹೋದಲ್ಲೆಲ್ಲ ತೊಂದರೆ ಹಿಂದೆ ಬರುತ್ತಿತ್ತು.

ಆ ದಿನ ಬಿಸಿಲು ಇರಲಿಲ್ಲ. ಗ್ಯಾಸ್ ಒಲೆಯ ಪಕ್ಕ, ಬೆಂಕಿಗೆ ತಾಗದ ಹಾಗೆ ಬೆಚ್ಚಗೆ ಇಟ್ಟು ಮಧ್ಯಾಹ್ನ ಮತ್ತೆ ಅಳೆದೆ. ಎರಡು ಮೆಗಾಓಮ್ ತೋರಿಸಿತು. ಭಾವನಿಗೆ ಮುಳ್ಳು ತೋರಿಸಿ ಹೇಳಿದೆ. "ಇದೇ ರಾಡು ಭಾವ. ಬೆಳಗ್ಗೆ ಸೊನ್ನೆ, ಈಗ ಎರಡು." ಅವರು ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ ಪ್ರಶ್ನೆ ಸರಿಯಾದ ಪ್ರಶ್ನೆ: "ಹಾಗಾದರೆ ಹಳೇ ಮನೆಯಲ್ಲಿ ಯಾಕೆ ಏನೂ ಆಗಲಿಲ್ಲ?"

ಒಳಗಿನಿಂದ ಅಕ್ಕನ ಅತ್ತೆ ಉತ್ತರ ಕೊಟ್ಟರು. "ಏನೂ ಆಗಲಿಲ್ಲ ಅಂತ ಯಾರು ಹೇಳಿದ್ದು?"

ಅತ್ತೆಯವರಿಗೆ ಎಪ್ಪತ್ತೆರಡು ವರ್ಷ. ತಿಪಟೂರು ಕಡೆಯವರು. ಊರಿನಲ್ಲಿ ಇದ್ದಷ್ಟು ದಿನ ತೆಂಗಿನ ಗರಿ, ಮಟ್ಟೆ ಉರಿಸಿ ಹಂಡೆಯಲ್ಲಿ ನೀರು ಕಾಯಿಸಿದವರು. ಹಂಡೆ ನೀರಿಗೆ ಬೆರಳು ಅದ್ದಿ ಕಾದಿದೆಯಾ ಎಂದು ನೋಡುವುದು ಅವರ ಕೈಗೆ ಬಂದ ಅಭ್ಯಾಸ. ಬಕೆಟ್‌ನಲ್ಲಿ ರಾಡು ಇದ್ದಾಗಲೂ, ಸ್ವಿಚ್ ಹಾಕಿರುವಾಗಲೂ ಹಾಗೇ ಬೆರಳು ಅದ್ದುತ್ತಿದ್ದರು. ಅವರನ್ನು ಕೂರಿಸಿ ನಿಧಾನವಾಗಿ ಕೇಳಿದೆ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

"ನೀರು ಮುಟ್ಟಿದ್ರೆ ಬೆರಳಿಂದ ಮೊಣಕೈವರೆಗೆ ಜುಮ್ ಅನ್ನೋದು ಕಣಪ್ಪ. ಎರಡು ವರ್ಷ ಆಯ್ತು. ಬೇಸಿಗೇಲಿ ಇರ್ತಿರಲಿಲ್ಲ. ಮಳೆಗಾಲ ಬಂದ್ರೆ ಜಾಸ್ತಿ. ಚಪ್ಪಲಿ ಹಾಕ್ಕೊಂಡು ಮುಟ್ಟಿದ್ರೆ ಇರಲ್ಲ, ಬರಿಗಾಲಲ್ಲಿ ಇದ್ರೆ ಜಾಸ್ತಿ. ಇವನಿಗೆ ಹೇಳಿದೆ. ಇವನು ಚಪ್ಪಲಿ ಹಾಕ್ಕೊಂಡೇ ಹೋಗಿ ಮುಟ್ಟಿ ನೋಡಿ, ಏನೂ ಇಲ್ಲ ಅಂದ. ವಯಸ್ಸಾಯ್ತು, ನರದ ತೊಂದರೆ ಇರಬಹುದು ಅಂತ ಡಾಕ್ಟರ ಹತ್ರ ಕರ್ಕೊಂಡು ಹೋದ. ಮಾತ್ರೆ ಕೊಟ್ರು. ಒಂದು ವರ್ಷದಿಂದ ನುಂಗ್ತಿದ್ದೀನಿ."

ಮಳೆಗಾಲದಲ್ಲಿ ಜಾಸ್ತಿ, ಬರಿಗಾಲಲ್ಲಿ ಜಾಸ್ತಿ. ನಾನು ಮೆಗ್ಗರ್ ಹಿಡಿದು ಕಂಡುಕೊಂಡದ್ದೆಲ್ಲ ಈ ಎರಡು ಮಾತಿನಲ್ಲಿತ್ತು. ಒದ್ದೆ ಸಿಮೆಂಟು ನೆಲದ ಮೇಲೆ ಬರಿಗಾಲಲ್ಲಿ ನಿಂತವರ ಮೈ ಮೂಲಕ ಕರೆಂಟ್ ಭೂಮಿಗೆ ಇಳಿಯುತ್ತದೆ. ರಬ್ಬರ್ ಹವಾಯಿ ಚಪ್ಪಲಿ ಹಾಕಿದ ಭಾವನ ಮೈಯಲ್ಲಿ ಇಳಿಯಲಿಲ್ಲ. ಚಪ್ಪಲಿ ಹಾಕಿಕೊಂಡು ಪರೀಕ್ಷೆ ಮಾಡಿ, ತಾಯಿಯದು ಭ್ರಮೆ ಎಂದು ತೀರ್ಮಾನ ಮಾಡಿಬಿಟ್ಟಿದ್ದರು.

ಸುಮಾರು 1 ಮಿಲಿಆಂಪಿಯರ್ ಮೈಯಲ್ಲಿ ಹರಿದರೆ ಜುಮ್ ಅನ್ನುವುದು ಗೊತ್ತಾಗುತ್ತದೆ. 10 ಮಿಲಿಆಂಪಿಯರ್ ಆಸುಪಾಸಿನಲ್ಲಿ ಹಿಡಿದ ಕೈ ಬಿಡಿಸಿಕೊಳ್ಳಲು ಆಗದೇ ಹೋಗಬಹುದು. 30 ದಾಟಿದರೆ ಉಸಿರಿಗೆ, ಹೃದಯಕ್ಕೆ ಅಪಾಯ. ಅತ್ತೆಯವರಿಗೆ ತಾಗಿದ್ದು ಒಂದೋ ಎರಡೋ ಮಿಲಿಆಂಪಿಯರ್ ಇರಬೇಕು. ಈ ವರ್ಷ ರಾಡು 30 ಮಿಲಿಆಂಪಿಯರ್‌ನ ಆರ್‌ಸಿಸಿಬಿಯನ್ನೇ ಬೀಳಿಸುವಷ್ಟು ಸೋರುತ್ತಿತ್ತು. ಅವರು ಹಳೇ ಮನೆಯಲ್ಲೇ ಇನ್ನೊಂದು ಆಷಾಢ ಕಳೆದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದರೆ ಈಗಲೂ ನನಗೆ ಕೈ ತಣ್ಣಗಾಗುತ್ತದೆ.

ಪ್ಲಾಸ್ಟಿಕ್ ಬಕೆಟ್ ಆದರೆ ಶಾಕ್ ಹೊಡೆಯಲ್ಲ ಅನ್ನುವ ಮಾತೊಂದು ಎಲ್ಲ ಕಡೆ ಇದೆ. ಅದು ಪೂರ್ತಿ ತಪ್ಪು. ಪ್ಲಾಸ್ಟಿಕ್ ಬಕೆಟ್ ನೀರಿನಿಂದ ನೆಲಕ್ಕೆ ಕರೆಂಟ್ ಇಳಿಯಲು ಬಿಡುವುದಿಲ್ಲ, ನಿಜ. ಅದರಿಂದಲೇ ನೀರಿನಲ್ಲಿ ಕರೆಂಟ್ ಹಾಗೇ ಕಾದು ನಿಂತಿರುತ್ತದೆ. ಕೈ ಅದ್ದಿದವರೇ ಅದಕ್ಕೆ ದಾರಿ.

"ನೀರು ಚೆನ್ನಾಗಿ ಕಾಯುತ್ತೆ, ರಾಡು ಚೆನ್ನಾಗಿದೆ" ಎಂಬುದೂ ಅಷ್ಟೇ. 30 ಮಿಲಿಆಂಪಿಯರ್ ಸೋರಿದರೆ 7 ವ್ಯಾಟ್ ವ್ಯತ್ಯಾಸ. 1500ರಲ್ಲಿ 7. ಒಂದು ಎಲ್‌ಇಡಿ ಬಲ್ಬಿನಷ್ಟು. ಕಾಯುವ ಹೊತ್ತಿನಲ್ಲಿ ಅದು ಯಾರಿಗೂ ಗೊತ್ತಾಗುವುದಿಲ್ಲ. ನಾನು ಗಡಿಯಾರ ನೋಡಿ ಅಳೆದದ್ದೂ ಅದಕ್ಕೇ ಉಪಯೋಗಕ್ಕೆ ಬರಲಿಲ್ಲ.

ಹಳೇ ಮನೆ

ಅಕ್ಕ ಇನ್ನೊಂದು ಮಾತು ಹೇಳಿದಳು. ಹಳೇ ಮನೆಯಲ್ಲಿ ಫ್ರಿಡ್ಜ್ ಬಾಗಿಲು ಕೂಡ ಒಮ್ಮೊಮ್ಮೆ ಬೆಳಗ್ಗೆ ಹೊತ್ತು ಜುಮ್ ಅನ್ನುತ್ತಿತ್ತಂತೆ. ಫ್ರಿಡ್ಜ್ ಹಳೆಯದು, ಅದರದ್ದೇ ತೊಂದರೆ ಇರಬೇಕು ಎಂದುಕೊಂಡಿದ್ದಳು. ಹೊಸ ಮನೆಯಲ್ಲಿ ಅದೇ ಫ್ರಿಡ್ಜ್ ಆರ್‌ಸಿಸಿಬಿ ಬೀಳಿಸದೆ ನಡೆಯುತ್ತಿದೆ. ಹಾಗಾದರೆ?

ಆ ಮನೆ ಇನ್ನೂ ಖಾಲಿ ಇತ್ತು. ಮುಂದಿನ ವಾರ ಹೊಸ ಬಾಡಿಗೆಯವರು ಬರುವವರಿದ್ದರು. ಮಾಲೀಕರ ಹತ್ತಿರ ಬೀಗದ ಕೈ ಕೇಳಿಕೊಂಡು ಭಾವ, ನಾನು ಅದೇ ದಿನ ಸಂಜೆ ಹೋದೆವು.

ಬಚ್ಚಲಿನ ಪಾಯಿಂಟ್ ಬಿಚ್ಚಿದೆ. ಮೂರನೇ ತೂತಿಗೆ ಹಸಿರು ತಂತಿ ಇತ್ತು. ನೋಡಲು ಎಲ್ಲ ಸರಿ. ಮೀಟರ್ ಹಿಡಿದರೆ ಫೇಸ್‌ಗೂ ನ್ಯೂಟ್ರಲ್‌ಗೂ 229 ವೋಲ್ಟ್. ಫೇಸ್‌ಗೂ ಅರ್ಥ್‌ಗೂ ಒಂದು ಸಲ 90, ಒಂದು ಸಲ 60, ನಿಂತಲ್ಲಿ ನಿಲ್ಲಲಿಲ್ಲ. ಹೀಗೆ ತೂಗಾಡುವ ಅಂಕಿ ಕಂಡರೆ ಅರ್ಥ್ ಇಲ್ಲ ಎಂದು ನನಗೆ ಅನುಮಾನ ಬರುತ್ತದೆ. ಖಾತ್ರಿ ಮಾಡಲು ಹಳೆಯ 100 ವ್ಯಾಟ್ ಬಲ್ಬನ್ನು ಫೇಸ್, ಅರ್ಥ್ ನಡುವೆ ಹಾಕಿದೆ. ಉರಿಯಲಿಲ್ಲ. (ಇದನ್ನು ಮನೆಯಲ್ಲಿ ಯಾರೂ ಪ್ರಯೋಗ ಮಾಡಬೇಡಿ. ಅರ್ಥ್ ಕಡಿದಿದ್ದರೆ ಆ ಬಲ್ಬಿನ ಮೂಲಕ ಕರೆಂಟ್ ಹೋಗಿ ಮನೆಯ ಎಲ್ಲ ಮೂರು ಪಿನ್ನಿನ ಸಾಮಾನಿನ ಮೈಮೇಲೆ ನಿಲ್ಲುತ್ತದೆ. ಮನೆ ಖಾಲಿ ಇತ್ತು, ಒಂದು ಪ್ಲಗ್ ಕೂಡ ಎಲ್ಲೂ ಹಾಕಿರಲಿಲ್ಲ, ಅದಕ್ಕೇ ಮಾಡಿದೆ.)

ಹಸಿರು ತಂತಿಯ ಹಿಂದೆ ಹೋದೆವು. ಬಚ್ಚಲಿನಿಂದ ಅಡುಗೆಮನೆಗೆ, ಅಲ್ಲಿಂದ ಹಾಲ್‌ಗೆ, ಹಾಲ್‌ನಿಂದ ಮೀಟರ್ ಬೋರ್ಡಿಗೆ. ಎಲ್ಲೂ ಕಡಿದಿರಲಿಲ್ಲ. ಮೀಟರ್ ಬೋರ್ಡಿನಿಂದ ಒಂದು ಜಿಐ (ಸತುವು ಲೇಪದ ಕಬ್ಬಿಣದ) ತಂತಿ ಗೋಡೆ ಹಿಡಿದು ಇಳಿದು ಕಾಂಪೌಂಡ್ ಮೂಲೆಯ ಅರ್ಥಿಂಗ್ ಗುಂಡಿಗೆ ಹೋಗಿತ್ತು. ನೆಲಕ್ಕೆ ಸೇರುವ ಕಡೆ ಮಣ್ಣು ಕೆದರಿದೆ. ತಂತಿ ತುಕ್ಕು ತಿಂದು ಮಣ್ಣಿನೊಳಗೇ ತುಂಡಾಗಿತ್ತು. ಬೆರಳಲ್ಲಿ ಎಳೆದರೆ ಕೈಗೇ ಬಂತು.

ಅಲ್ಲಿಗೆ ಫ್ರಿಡ್ಜ್ ಬಾಗಿಲಿನ ಗುಟ್ಟೂ ಬಿಚ್ಚಿತು. ಮನೆಯೊಳಗಿನ ಅರ್ಥ್ ತಂತಿಗಳೆಲ್ಲ ಒಂದಕ್ಕೊಂದು ಸೇರಿದ್ದವು, ಭೂಮಿಗೆ ಮಾತ್ರ ಸೇರಿರಲಿಲ್ಲ. ಬಚ್ಚಲಿನಲ್ಲಿ ರಾಡು ಸೋರಿದರೆ ಆ ಕರೆಂಟ್ ಹಸಿರು ತಂತಿ ಹಿಡಿದು ಅಡುಗೆಮನೆಗೆ ಹೋಗಿ ಫ್ರಿಡ್ಜ್‌ನ ಮೈಮೇಲೆ ನಿಲ್ಲುತ್ತಿತ್ತು. ಬೆಳಗ್ಗೆ ಹೊತ್ತು ಮಾತ್ರ, ಯಾಕೆಂದರೆ ರಾಡು ಹಾಕುತ್ತಿದ್ದದ್ದು ಬೆಳಗ್ಗೆ. ಫ್ರಿಡ್ಜ್‌ನಲ್ಲಿ ಏನೂ ದೋಷ ಇರಲಿಲ್ಲ.

ಭಾವನ ಪ್ರಶ್ನೆಗೆ ಇದೇ ಉತ್ತರ. ಹಳೇ ಮನೆಯಲ್ಲಿ ಆರ್‌ಸಿಸಿಬಿ ಇರಲಿಲ್ಲ, ಪಿಂಗಾಣಿ ಫ್ಯೂಸ್ ಮಾತ್ರ. ಮಿಲಿಆಂಪಿಯರ್ ಲೆಕ್ಕದ ಸೋರಿಕೆಗೆ ಫ್ಯೂಸ್ ಕರಗುವ ಮಾತೇ ಇಲ್ಲ. ಸೋರಿದ ಕರೆಂಟ್‌ಗೆ ಭೂಮಿಗೆ ಹೋಗಲು ತಂತಿಯೂ ಇರಲಿಲ್ಲ. ಹಾಗಾಗಿ ಅದು ಸುಮ್ನೆ ಕಾಯುತ್ತಿತ್ತು. ಹೊಸ ಮನೆಯಲ್ಲಿ ಅರ್ಥ್ ಚೆನ್ನಾಗಿದೆ, ಆರ್‌ಸಿಸಿಬಿ ಇದೆ. ರಾಡು ಸೋರಿದ ಕೂಡಲೇ ಕರೆಂಟ್ ಅರ್ಥ್ ತಂತಿಯಲ್ಲಿ ಇಳಿಯಿತು, ಆರ್‌ಸಿಸಿಬಿ ಕಂಡುಹಿಡಿದು ಕಡಿದುಹಾಕಿತು. ಯಾವ ಮನೆಯನ್ನು ಭಾವ ಬೈಯುತ್ತಿದ್ದರೋ ಅದೇ ಮನೆ ಅವರ ತಾಯಿಯನ್ನು ಕಾಯುತ್ತಿತ್ತು.

ಮಾಲೀಕರನ್ನು ಕರೆದು ತುಂಡು ತಂತಿ ತೋರಿಸಿದೆವು. ಒಳ್ಳೆಯವರು, ಹಿಂದೆಮುಂದೆ ನೋಡಲಿಲ್ಲ. ಎರಡು ದಿನದಲ್ಲಿ ಹೊಸ 8 ನಂಬರ್ ಜಿಐ ತಂತಿ ಬಂತು. ಅದನ್ನು ಗುಂಡಿಯ ಅರ್ಥಿಂಗ್ ಕೊಳವೆಯ ತಲೆಗೆ ಬೋಲ್ಟ್ ಹಾಕಿ ಬಿಗಿದೆ. ಬಲ್ಬು ಈಗ ಉರಿಯಿತು. ಆದರೆ ಫೇಸ್, ಅರ್ಥ್ ನಡುವೆ 229 ಇರಬೇಕಾದ ವೋಲ್ಟೇಜ್ ಬಲ್ಬು ಉರಿಯುವಾಗ 222ಕ್ಕೆ ಇಳಿಯಿತು. 100 ವ್ಯಾಟಿನ ಬಲ್ಬು 0.43 ಆಂಪಿಯರ್ ಎಳೆಯುತ್ತದೆ. 7 ವೋಲ್ಟ್ ಬಿದ್ದರೆ ಅರ್ಥಿಂಗ್‌ನ ತಡೆ ಸುಮಾರು 16 ಓಮ್. ಗುಂಡಿಗೆ ಇದ್ದಿಲು, ಉಪ್ಪು ಹಾಕಿಸಿ ನಾಲ್ಕು ಕೊಡ ನೀರು ಸುರಿಸಿದೆ. ಮಾರನೇ ದಿನ ನೋಡಿದರೆ 3 ವೋಲ್ಟ್ ಮಾತ್ರ ಬೀಳುತ್ತಿತ್ತು. ಅಂದರೆ ಸುಮಾರು 7 ಓಮ್.

ಇಷ್ಟಾದ ಮೇಲೆ ಅರ್ಥಿಂಗ್ ಒಂದೇ ಸಾಕು ಎಂದು ಮಾಲೀಕರಿಗೆ ಅನ್ನಿಸಿತ್ತು. ಸಾಲದು. 16 ಓಮ್ ಇದ್ದಾಗ ಫೇಸ್ ತಂತಿ ನೇರವಾಗಿ ರಾಡಿನ ಮೈಗೇ ತಾಗಿದರೂ ಹರಿಯುವುದು 14 ಆಂಪಿಯರ್. 16 ಆಂಪಿಯರ್ ಫ್ಯೂಸ್ ಅದಕ್ಕೆ ಕರಗುವುದಿಲ್ಲ. 7 ಓಮ್ ಆದರೂ ಬೇಸಿಗೆಯಲ್ಲಿ ಗುಂಡಿ ಒಣಗಿದರೆ ಮತ್ತೆ ಏರುತ್ತದೆ. ಮನುಷ್ಯರನ್ನು ಉಳಿಸುವಷ್ಟು ಬೇಗ ಕಡಿಯುವುದು ಆರ್‌ಸಿಸಿಬಿ ಮಾತ್ರ. ಎರಡು ಸಾವಿರ ಚಿಲ್ಲರೆಯ ಮಾತು. ಹಾಕಿಸಿದರು.

ರಾಡು ಹೀಗಾದದ್ದು ಹೇಗೆ

ಹಳೇ ರಾಡನ್ನು ಕಾರ್ಖಾನೆಗೆ ಒಯ್ದು ಕತ್ತರಿಸಿ ನೋಡಿದೆ. ಟೋಪಿಯೊಳಗೆ ತಿರುಪುಗಳ ಮೇಲೆ ಹಸಿರು ಕಿಲುಬು. ಒಂದು ತುದಿಯ ಅಂಟು ಕಪ್ಪಾಗಿ ಬಿರುಕು ಬಿಟ್ಟಿತ್ತು. ಕೊಳವೆಯ ಮೇಲೆ ನೀರಿನ ಮಟ್ಟದ ಗೆರೆ ಇದೆ. ಸುಣ್ಣದ ಬಿಳಿ ಪದರ ಆ ಗೆರೆ ದಾಟಿ ಟೋಪಿಯ ಬುಡದವರೆಗೂ ಹತ್ತಿತ್ತು. ಅಂದರೆ ಬಕೆಟ್ ತುಂಬ ನೀರು ಹಿಡಿದು, ಗೆರೆ ಮೀರಿ ರಾಡು ಮುಳುಗಿಸುತ್ತಿದ್ದರು. ಅಕ್ಕ ಒಪ್ಪಿಕೊಂಡಳು. ಒಂದೇ ಬಕೆಟ್‌ನಲ್ಲಿ ಇಬ್ಬರು ಮಕ್ಕಳ ಸ್ನಾನ ಆಗಲಿ ಎಂದು ಕಂಠಮಟ್ಟ ತುಂಬಿಸುತ್ತಿದ್ದಳಂತೆ. ನೀರು ಕಾದು ಅಲುಗಾಡಿದರೆ ಟೋಪಿಗೇ ತಾಗುತ್ತಿತ್ತು.

ತುಮಕೂರಿನ ಬೋರ್‌ವೆಲ್ ನೀರಿನ ಗಡಸು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ರಾಡಿನ ಕೊಳವೆಯ ಮೇಲೆ ಅದು ಕಲ್ಲಿನ ಹಾಗೆ ಕಟ್ಟುತ್ತದೆ. ಕಟ್ಟಿದ ಪದರ ಶಾಖವನ್ನು ನೀರಿಗೆ ಬಿಡದೆ ತಡೆಯುತ್ತದೆ, ಒಳಗಿನ ಸುರುಳಿ ಇನ್ನೂ ಜಾಸ್ತಿ ಕಾಯುತ್ತದೆ. ಅಕ್ಕ ಅದನ್ನು ಚಾಕುವಿನಿಂದ ಕೆರೆಯುತ್ತಿದ್ದಳು. ನಿಕ್ಕಲ್ ಲೇಪ ಅಲ್ಲಲ್ಲಿ ಎದ್ದು ತಾಮ್ರ ಕಾಣುತ್ತಿತ್ತು. ಕೆರೆಯುವ ಬದಲು, ಪ್ಲಗ್ ತೆಗೆದು ಪೂರ್ತಿ ಆರಿದ ಮೇಲೆ, ಕೊಳವೆ ಸುತ್ತಿಕೊಂಡಿರುವ ಕೆಳಭಾಗ ಮಾತ್ರ ಮುಳುಗುವಷ್ಟು ನೀರಿಗೆ ಎರಡು ಚಮಚ ನಿಂಬೆ ಉಪ್ಪು ಹಾಕಿ ಅರ್ಧ ಗಂಟೆ ಬಿಟ್ಟರೆ ಸುಣ್ಣ ತಾನೇ ಬಿಡುತ್ತದೆ. ಹುಣಸೆಹಣ್ಣಿನ ನೀರೂ ಆಗುತ್ತದೆ, ಸ್ವಲ್ಪ ಹೊತ್ತು ಜಾಸ್ತಿ ಬೇಕು.

ಬಿರುಕು ಬಿಟ್ಟ ಅಂಟಿನ ಮೇಲೆ ಹೊಸ ಅಂಟು ಮೆತ್ತಿ ಒಣಗಿಸಿ ಮತ್ತೆ ಉಪಯೋಗಿಸಬಹುದಾ ಎಂದು ಭಾವ ಕೇಳಿದರು. ಬೇಡ ಎಂದೆ. ಒಳಗೆ ಕುಳಿತ ತೇವ ಪೂರ್ತಿ ಹೋಗಿದೆಯಾ ಎಂದು ಮನೆಯಲ್ಲಿ ನೋಡುವ ದಾರಿ ಇಲ್ಲ. ಪ್ಲಗ್ ಸಮೇತ ವೈರು ಕತ್ತರಿಸಿಹಾಕಿದೆ. ಗುಜರಿಯವರ ಕೈಯಿಂದ ಅದು ಇನ್ನೊಂದು ಮನೆಯ ಬಚ್ಚಲಿಗೆ ಹೋಗಬಾರದು.

ಹೊಸದು ತರುವಾಗ ಐಎಸ್‌ಐ ಗುರುತು, ಅದರ ಮೇಲೆ ಐಎಸ್ 368 ಎಂಬ ಸಂಖ್ಯೆ ನೋಡಿ ತಂದೆವು. ಮುಳುಗಿಸುವ ಹೀಟರ್‌ಗೆ ಇರುವ ಭಾರತೀಯ ಮಾನಕ ಅದು. 1500 ವ್ಯಾಟ್ ಅಂದರೆ ಆರೂವರೆ ಆಂಪಿಯರ್. 6 ಆಂಪಿಯರ್‌ನ ಸಣ್ಣ ಪಾಯಿಂಟ್‌ಗೆ ಸೇರಿಸುವ ಹಾಗಿಲ್ಲ, 16ರದ್ದೇ ಬೇಕು. ಪೆಟ್ಟಿಗೆಯಿಂದ ತೆಗೆದ ಕೂಡಲೇ ಮೆಗ್ಗರ್ ಹಚ್ಚಿದೆ. ಮುಳ್ಳು ಆ ತುದಿಗೆ ಹೋಗಿ ನಿಂತಿತು. ತಾರೀಖು ಹಾಕಿ ಒಂದು ಚೀಟಿ ಬರೆದು ಡಿಬಿ ಬಾಗಿಲಿನ ಒಳಗೆ ಅಂಟಿಸಿದ್ದೇನೆ. ವರ್ಷಕ್ಕೊಮ್ಮೆ ಆಷಾಢಕ್ಕೆ ಮುಂಚೆ ಬಂದು ಅಳೆದು ಅದೇ ಚೀಟಿಯಲ್ಲಿ ಬರೆಯುತ್ತೇನೆ. ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ ನೋಡುವ ಕೆಲಸ ಭಾವನದು, ತಿಂಗಳ ಮೊದಲ ಭಾನುವಾರ. ರಾಡು ಈಗ ಬಚ್ಚಲಿನಲ್ಲಿ ಇರುವುದಿಲ್ಲ. ನೀರು ಕಾದ ಮೇಲೆ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಆಮೇಲೆ ರಾಡು ತೆಗೆದು ಅಡುಗೆಮನೆಯ ಗೋಡೆಗೆ ನೇತುಹಾಕುತ್ತಾರೆ.

ಅತ್ತೆಯವರಿಗೆ ಇದನ್ನೆಲ್ಲ ಭಾವನೇ ಕೂತು ಹೇಳಿದರು. ಕತ್ತರಿಸಿದ ಕೊಳವೆ, ಒಳಗಿನ ಬಿಳಿ ಪುಡಿ, ಕಪ್ಪಾದ ಅಂಟು ಎಲ್ಲ ಕೈಗೆ ಕೊಟ್ಟು ತೋರಿಸಿದರು. ಅವರು ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು.

"ಹಾಗಾದ್ರೆ ನನ್ನ ಕೈ ಸರಿ ಇದೆ ಅನ್ನಪ್ಪ?"

"ಸರಿ ಇದೆ ಅಮ್ಮ. ಡಾಕ್ಟರಿಗೂ ಒಂದು ಮಾತು ಹೇಳಿ ಮಾತ್ರೆ ವಿಷಯ ಕೇಳೋಣ" ಅಂದೆ. ಭಾವ ಸೋಮವಾರವೇ ಕರೆದುಕೊಂಡು ಹೋದರು.